ಕಾಯಿಲೆ ಬೀಳದ ಕೂಸುಗಳಿಂದ ಬಂದ ಲಸಿಕೆ



ಎಳೆಗೂಸಿಗೆ ನೀರಿನಂತೆ ಭೇದಿ ಹತ್ತಿದರೆ "ಹಲ್ಲು ಬರುತ್ತಿವೆ", "ದೃಷ್ಟಿ ತಾಕಿದೆ" ಎನ್ನುವವರು ನಮ್ಮ ಊರುಗಳಲ್ಲಿ ಇಂದಿಗೂ ಇದ್ದಾರೆ. ಎಷ್ಟೋ ಸಲ ಅದಕ್ಕೆ ನಿಜವಾದ ಕಾರಣ ರೋಟಾ ಎಂಬ ವೈರಾಣು. ಲ್ಯಾಟಿನ್ ಭಾಷೆಯಲ್ಲಿ ರೋಟಾ ಎಂದರೆ ಚಕ್ರ. ಇದರ ಆಕಾರವೂ ಹಾಗೆಯೇ. 1973ರಲ್ಲಿ ಆಸ್ಟ್ರೇಲಿಯದ ರೂತ್ ಬಿಷಪ್ ಮತ್ತು ಸಂಗಡಿಗರು ಮಕ್ಕಳ ಕರುಳಿನಲ್ಲಿ ಇದನ್ನು ಕಂಡುಹಿಡಿದರು. ದೇಹದ ನೀರು, ಲವಣ ಹೊರಟುಹೋಗಿ ಕೂಸು ಒಂದೆರಡು ದಿನಗಳಲ್ಲೇ ಪ್ರಾಣಾಪಾಯಕ್ಕೆ ಸಿಲುಕಬಹುದು. ಆಂಟಿಬಯೋಟಿಕ್ ಮಾತ್ರೆಗೆ ಈ ವೈರಾಣು ಜಗ್ಗುವುದಿಲ್ಲ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಸಿ. ದುರ್ಗಾ ರಾವ್ ಮತ್ತು ಸಂಗಡಿಗರು ನವಜಾತ ಶಿಶುಗಳ ಮಲವನ್ನು ಪರೀಕ್ಷಿಸಿದಾಗ ಒಂದು ವಿಚಿತ್ರ ಕಂಡಿತು. ವೈರಾಣು ಇದೆ, ಆದರೆ ಶಿಶುವಿಗೆ ಭೇದಿಯಿಲ್ಲ! 'ಐ321' ಎಂದು ಹೆಸರಾದ ಆ ತಳಿಯ ಹೊರಕವಚದ ಪ್ರೋಟೀನುಗಳು ದನಗಳ ರೋಟಾ ವೈರಾಣುವನ್ನು ಹೋಲುತ್ತಿದ್ದವು. ನಮ್ಮ ಕೊಟ್ಟಿಗೆಯ ಎಳೆಗರುಗಳಿಗೆ ಭೇದಿ ತರುವ ವೈರಾಣುಗಳಲ್ಲಿ ಅದೂ ಒಂದು. (ವ್ಯಾಕ್ಸಿನ್ ಎಂಬ ಮಾತು ಹುಟ್ಟಿದ್ದೂ ಹಸು ಎಂಬ ಅರ್ಥದ ಲ್ಯಾಟಿನ್ ಪದದಿಂದಲೇ. ಸೆಮಿನರಿಯ ಪಾಠ ಎಲ್ಲೆಲ್ಲೋ ನೆರವಿಗೆ ಬರುತ್ತದೆ.)

ದೆಹಲಿಯ ಏಮ್ಸ್ ಆಸ್ಪತ್ರೆಯಲ್ಲಿ ಡಾ. ಮಹಾರಾಜ ಕಿಷನ್ ಭಾನ್ ಅವರಿಗೂ ಅಂತಹದೇ ತಳಿ ಸಿಕ್ಕಿತ್ತು. ಹುಟ್ಟಿದೊಡನೆ ಆ ತಳಿ ತಗಲಿದ ಶಿಶುಗಳಿಗೆ ಮುಂದೆ ರೋಟಾ ಭೇದಿ ಅಷ್ಟು ಜೋರಾಗಿ ಬರುತ್ತಿರಲಿಲ್ಲ. ಹಾಗಾದರೆ ಇದನ್ನೇ ಲಸಿಕೆ ಮಾಡಬಾರದೇಕೆ? ಎರಡೂ ತಳಿಗಳನ್ನು ಶಿಶುಗಳಲ್ಲಿ ಪರೀಕ್ಷಿಸಲಾಯಿತು. 2006ರಲ್ಲಿ ಪ್ರಕಟವಾದ ಫಲಿತಾಂಶದಂತೆ ದೆಹಲಿಯ ತಳಿಯೇ ಮೇಲಾಯಿತು. ಬೆಂಗಳೂರಿನದು ಹಿಂದೆ ಉಳಿಯಿತು. ಅದರಿಂದ ಆ ಶ್ರಮ ವ್ಯರ್ಥವಾಯಿತೆಂದು ನಾನು ಹೇಳಲಾರೆ. ಬಿತ್ತನೆಗೆ ಒಂದು ತಳಿ ಆರಿಸಬೇಕಾದರೆ ರೈತ ಎರಡನ್ನೂ ಬೆಳೆದು ನೋಡಬೇಕಲ್ಲವೇ?

ನಮ್ಮ ಹೈದರಾಬಾದಿನ ಭಾರತ್ ಬಯೋಟೆಕ್ ಅದರಿಂದ 'ರೋಟಾವ್ಯಾಕ್' ತಯಾರಿಸಿತು. ದೆಹಲಿ, ಪುಣೆ, ವೆಲ್ಲೂರುಗಳಲ್ಲಿ 6,799 ಶಿಶುಗಳ ಮೇಲೆ ಪರೀಕ್ಷೆ ನಡೆಯಿತು. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮನ್ನಣೆಯೂ ದೊರೆಯಿತು. ಈ ಕಾರ್ಯದಲ್ಲಿ ದುಡಿದ ವೆಲ್ಲೂರು ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಡಾ. ಗಗನ್‌ದೀಪ್ ಕಾಂಗ್ 2019ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಆಯ್ಕೆಯಾದರು.

ಆದರೆ ಲಸಿಕೆ ಹಾಕಿಸಿದೆವೆಂದು ಮೈಮರೆಯಬೇಡಿ. ಆ ಪರೀಕ್ಷೆಯಲ್ಲಿ ಮೊದಲ ವರ್ಷದ ತೀವ್ರ ರೋಟಾ ಭೇದಿ ನೂರಕ್ಕೆ 56ರಷ್ಟು ಕಡಿಮೆಯಾಯಿತು, ಪೂರ್ತಿ ನಿಲ್ಲಲಿಲ್ಲ. ಬೇರೆ ಕ್ರಿಮಿಗಳ ಭೇದಿಯೂ ಇದೆ. ಭೇದಿಯಾದಾಗ ತಾಯಿಹಾಲು ಬಿಡಿಸಬಾರದು. ಓಆರ್‌ಎಸ್ ಕುಡಿಸಬೇಕು, ಆರೋಗ್ಯ ಕೇಂದ್ರದಲ್ಲಿ ಕೇಳಿ ಸತುವಿನ ಮಾತ್ರೆ ಕೊಡಿಸಬೇಕು. ಕಣ್ಣು ಗುಳಿಬಿದ್ದು ಕೂಸು ಮಂಕಾದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ.

ರೋಟಾ ಲಸಿಕೆಗೆ ಸೂಜಿಯಿಲ್ಲ, ಬಾಯಿಗೆ ಹಾಕುತ್ತಾರೆ. 6, 10, 14ನೆಯ ವಾರಗಳಲ್ಲಿ, ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತ. ನಾರಾಯಣಖೇಡ ಕಡೆಯಿಂದ ಕಬ್ಬು ಕಡಿಯಲು ಗುಳೆ ಹೋಗುವವರು ಲಸಿಕೆಯ ಕಾರ್ಡನ್ನು ಜೊತೆಗೇ ಒಯ್ಯಿರಿ. ಹೋದ ಊರಿನಲ್ಲೂ ಹಾಕಿಸಬಹುದು. ಕೂಸಿಗೆ ವರ್ಷ ತುಂಬುವುದರೊಳಗೆ ಮೊದಲ ಸಲದ್ದು ಬೀಳದಿದ್ದರೆ ಆಮೇಲೆ ಹಾಕುವುದಿಲ್ಲ. ಜ್ಞಾನಸ್ನಾನಕ್ಕೆ ಕೂಸನ್ನು ತರುವಾಗ ಆ ಕಾರ್ಡನ್ನೂ ತನ್ನಿರಿ, ನೋಡುತ್ತೇನೆ.