ತ್ರಿವಿಧ ಸ್ಪರ್ಧೆಯ ಸೈಕಲ್ಲು: ಆಯ್ಕೆಯೂ ಅಳವಡಿಕೆಯೂ

ವಿಜಯಪುರ, ಬಾಗಲಕೋಟೆಗಳ ಸೀಮೆಗೆ ಸೈಕಲ್ಲು ಹೊಸ ವಸ್ತುವಲ್ಲ. ಜಾತ್ರೆ ಬಂದಿತೆಂದರೆ ತೇರು, ಕುಸ್ತಿಗಳ ಸಂಗಡ ಸೈಕಲ್ಲಿನ ಪಂದ್ಯವೂ ಇರತಕ್ಕದ್ದೆಂಬ ರೂಢಿಯು ಈ ಕಡೆಯ ಎಷ್ಟೋ ಊರುಗಳಲ್ಲಿ ಬೇರೂರಿದೆ. ಒಕ್ಕಲುತನದ ಮನೆಗಳಲ್ಲಿ ಹುಟ್ಟಿ, ಕ್ರೀಡಾನಿಲಯಗಳಲ್ಲಿ ಬೆಳೆದು, ರಾಷ್ಟ್ರಮಟ್ಟದ ಸ್ಪರ್ಧೆಗಳಲ್ಲಿ ಪದಕಗಳನ್ನು ಗಳಿಸಿ ಬಂದ ಹುಡುಗರೂ ಹುಡುಗಿಯರೂ ಈ ನಾಡಿನಲ್ಲಿ ಅನೇಕರಿದ್ದಾರೆ. ಆ ಹಳೆಯ ಪಂದ್ಯಕ್ಕೆ ಈಗ ಹೊಸದೊಂದು ಬಂಧುವು ಬಂದು ಕೂಡಿದೆ. ಟ್ರಯಥ್ಲಾನ್ ಎಂಬದು ಅದರ ಹೆಸರು. ಮೊದಲು ಈಸು, ಬಳಿಕ ಸೈಕಲ್ಲು, ಕೊನೆಗೆ ಓಟ. ಇವು ಮೂರನ್ನೂ ನಡುವೆ ವಿಶ್ರಾಂತಿಯಿಲ್ಲದೆ ಮುಗಿಸಬೇಕಾದುದರಿಂದ ಇದನ್ನು ತ್ರಿವಿಧ ಸ್ಪರ್ಧೆಯೆಂದು ಕರೆದರೆ ಒಪ್ಪುತ್ತದೆ.

ಈ ಸ್ಪರ್ಧೆಯು 1974ರಲ್ಲಿ ಅಮೇರಿಕೆಯ ಸ್ಯಾನ್ ಡಿಯೇಗೋ ಪಟ್ಟಣದಲ್ಲಿ ತೊಡಗಿತು. 1978ರಲ್ಲಿ ಹವಾಯಿ ದ್ವೀಪದಲ್ಲಿ 3.8 ಕಿಲೋಮೀಟರು ಈಸು, 180 ಕಿಲೋಮೀಟರು ಸೈಕಲ್ಲು, 42.2 ಕಿಲೋಮೀಟರು ಓಟವೆಂಬ ‘ಐರನ್‌ಮ್ಯಾನ್’ ಸ್ಪರ್ಧೆಯು ನಡೆಯಿತು. 2000ದ ಸಿಡ್ನಿ ಒಲಿಂಪಿಕ್ಸಿನಲ್ಲಿ 1.5, 40, 10 ಕಿಲೋಮೀಟರುಗಳ ಚಿಕ್ಕ ಅಳತೆಯಲ್ಲಿ ಇದಕ್ಕೆ ಸ್ಥಾನ ದೊರೆಯಿತು. 2019ರಲ್ಲಿ ನಮ್ಮ ನೆರೆಯ ಗೋವೆಯಲ್ಲಿ ಐರನ್‌ಮ್ಯಾನಿನ ಅರ್ಧದ ಅಳತೆಯ ಸ್ಪರ್ಧೆಯು, ಎಂದರೆ 1.9 ಕಿಲೋಮೀಟರು ಈಸು, 90 ಕಿಲೋಮೀಟರು ಸೈಕಲ್ಲು, 21.1 ಕಿಲೋಮೀಟರು ಓಟ, ಮೊದಲ ಸಲ ಜರುಗಿತು. ಹೀಗೆ ದೂರದ ದ್ವೀಪದ ಸಾಹಸವು ನಮ್ಮ ಘಟ್ಟದ ಕೆಳಗಿನವರೆಗೆ ಬಂದಂತಾಯಿತು.

ಇಂಥ ಕಾಲದಲ್ಲಿ ಮನೆಯ ಮಗನೋ ಮಗಳೋ ತನಗೊಂದು ಟ್ರಯಥ್ಲಾನ್ ಸೈಕಲ್ಲು ಬೇಕೆಂದು ಹಟ ಹಿಡಿದರೆ ತಂದೆತಾಯಿಗಳು ದಿಕ್ಕುಗಾಣದಂತಾಗುವದು ಸಹಜವೇ. ಅಂಥ ಗಾಡಿಯ ಬೆಲೆಯು ಒಳ್ಳೆಯ ಜೋಡೆತ್ತುಗಳ ಬೆಲೆಯನ್ನು ಮುಟ್ಟುವದುಂಟು, ಎಷ್ಟೋ ಸಲ ಮೀರುವದೂ ಉಂಟು. ಅಷ್ಟು ಹಣವನ್ನು ಸುರಿದ ಮೇಲೆ ಅದು ಮೈಗೆ ಒಗ್ಗದೆ ಮೂಲೆಗೆ ಬಿದ್ದರೆ ಹಣವೂ ಹೋಯಿತು, ಮೊಣಕಾಲೂ ಕೆಟ್ಟಿತು ಎಂಬ ಗತಿಯಾಗುತ್ತದೆ. ಆದುದರಿಂದ ಕೊಳ್ಳುವ ಮುಂಚೆ ತಿಳಿಯತಕ್ಕ ನಾಲ್ಕು ಮಾತುಗಳನ್ನು ಗೃಹಸ್ಥರ ಮುಂದಿಡುವದು ಈ ಲೇಖನದ ಉದ್ದೇಶವಾಗಿದೆ.

ಗಾಳಿಯೇ ಶತ್ರು

ಸಮನೆಲದ ಮೇಲೆ ಸೈಕಲ್ಲಿನವನನ್ನು ಹಿಂದಕ್ಕೆಳೆಯುವದು ಗಾಡಿಯ ಭಾರವೆಂದು ಅನೇಕರು ತಿಳಿಯುತ್ತಾರೆ. ನಿಜವಾಗಿ ಎಳೆಯುವದು ಗಾಳಿ. ವೇಗವು ಗಂಟೆಗೆ 20 ಕಿಲೋಮೀಟರಿನಿಂದ 30ಕ್ಕೆ ಏರಿದರೆ ಗಾಳಿಯ ತಡೆಯು ಒಂದೂವರೆ ಪಟ್ಟಾಗುವದಿಲ್ಲ, ಎರಡೂಕಾಲು ಪಟ್ಟಾಗುತ್ತದೆ. ಆ ತಡೆಯನ್ನು ಗೆಲ್ಲಲು ಕಾಲುಗಳು ಮಾಡಬೇಕಾದ ಕೆಲಸವಂತೂ ಮೂರು ಪಟ್ಟಿಗೂ ಮಿಕ್ಕುತ್ತದೆ. ಇನ್ನೊಂದು ಸಂಗತಿಯನ್ನೂ ನೆನಪಿನಲ್ಲಿಡತಕ್ಕದ್ದು. ಈ ತಡೆಯ ಬಹುಪಾಲು ಸೈಕಲ್ಲಿಗೆ ಸೇರಿದುದಲ್ಲ; ಅದರ ಮೇಲೆ ಕುಳಿತವನ ಮೈಗೆ ಸೇರಿದುದು. ಆದಕಾರಣ ಬೆಲೆಯುಳ್ಳ ಫ್ರೇಮಿಗಿಂತ ಕುಳಿತುಕೊಳ್ಳುವ ಭಂಗಿಯೇ ಹೆಚ್ಚಿನ ವೇಗವನ್ನು ಕೊಡುತ್ತದೆ.

ಇದಕ್ಕೆ ಹೆಸರಾದ ನಿದರ್ಶನವು 1989ರ ಫ್ರಾನ್ಸ್ ದೇಶದ ಮಹಾಸ್ಪರ್ಧೆಯದು. ಕೊನೆಯ ದಿನ ವರ್ಸಾಯಿಯಿಂದ ಪ್ಯಾರಿಸ್ಸಿಗೆ 24.5 ಕಿಲೋಮೀಟರನ್ನು ಒಬ್ಬೊಬ್ಬರಾಗಿ ತುಳಿಯಬೇಕಾಗಿದ್ದಿತು. ಅಮೇರಿಕೆಯ ಗ್ರೆಗ್ ಲೆಮಾಂಡರು ಫ್ರಾನ್ಸಿನ ಲೊರಾಂ ಫಿನ್ಯೋನರಿಗಿಂತ 50 ಸೆಕೆಂಡು ಹಿಂದಿದ್ದರು. ಆದರೆ ಅವರು ಮುಂಗೈಗಳನ್ನು ಜೋಡಿಸಿ ಮುಂದಕ್ಕೆ ಚಾಚುವ ಹೊಸ ಬಗೆಯ ಹಿಡಿಕೆಯನ್ನು ಹ್ಯಾಂಡಲಿಗೆ ಕಟ್ಟಿಸಿಕೊಂಡಿದ್ದರು. ಆ ಹಿಡಿಕೆಯನ್ನು ತ್ರಿವಿಧ ಸ್ಪರ್ಧೆಯವರು ಅದಕ್ಕಿಂತ ಮೊದಲೇ ಬಳಕೆಗೆ ತಂದಿದ್ದರು. ಲೆಮಾಂಡರು 50 ಸೆಕೆಂಡುಗಳನ್ನು ತುಂಬಿಕೊಂಡು, ಇಡೀ ಸ್ಪರ್ಧೆಯನ್ನು 8 ಸೆಕೆಂಡುಗಳಿಂದ ಗೆದ್ದರು. ಗೆಲುವಿಗೆ ಅವರ ಕಾಲಿನ ಬಲವೂ ಕಾರಣವೆಂಬದರಲ್ಲಿ ಸಂದೇಹವಿಲ್ಲ. ಆದರೂ ಆ ದಿನದಿಂದ ಇಂಥ ಹಿಡಿಕೆಯನ್ನು ನಕ್ಕವರೇ ಕೊಂಡರು.

ಯಾವ ಸ್ಪರ್ಧೆ, ಯಾವ ಗಾಡಿ

ಅಂಗಡಿಗೆ ಹೋಗುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ತರುಣನು ಇಳಿಯುವ ಸ್ಪರ್ಧೆಯಾವದು? ಒಲಿಂಪಿಕ್ಸಿನ ಬಗೆಯ ಸ್ಪರ್ಧೆಯಲ್ಲಿ ಒಬ್ಬರ ಹಿಂದೆ ಒಬ್ಬರು ಗುಂಪುಗಟ್ಟಿ ತುಳಿಯಲು ಅಪ್ಪಣೆಯಿದೆ. ಅಲ್ಲಿಗೆ ಬೇಕಾದುದು ಬಾಗಿದ ಹ್ಯಾಂಡಲಿನ ರಸ್ತೆಯ ಸೈಕಲ್ಲು, ಎಂದರೆ ರೋಡ್ ಬೈಕು. ಐರನ್‌ಮ್ಯಾನಿನ ಬಗೆಯ ಸ್ಪರ್ಧೆಯಲ್ಲಿ ಮುಂದಿನವನ ಗಾಳಿಮರೆಯನ್ನು ಹಿಡಿಯುವದು ನಿಷಿದ್ಧ. ಪ್ರತಿಯೊಬ್ಬನೂ ಗಾಳಿಯನ್ನು ತಾನೇ ಸೀಳಬೇಕು. ಟ್ರಯಥ್ಲಾನ್ ಸೈಕಲ್ಲು ಹುಟ್ಟಿದುದು ಇದಕ್ಕಾಗಿ. ಸೈಕಲ್ ಒಕ್ಕೂಟದ ರಸ್ತೆಯ ಪಂದ್ಯಗಳಲ್ಲಿ ಎಲ್ಲರೂ ಒಟ್ಟಿಗೆ ಹೊರಡುವಲ್ಲಿ ಮುಂಗೈ ಹಿಡಿಕೆಗೆ ಎಡೆಯಿಲ್ಲ. ಆದುದರಿಂದ ಜಾತ್ರೆಯ ಪಂದ್ಯ, ಜಿಲ್ಲೆಯ ಪಂದ್ಯ, ತ್ರಿವಿಧ ಸ್ಪರ್ಧೆ ಇವೆಲ್ಲಕ್ಕೂ ಒಂದೇ ಗಾಡಿ ಬೇಕೆನ್ನುವವನು ರೋಡ್ ಬೈಕನ್ನೇ ಕೊಳ್ಳುವದು ಜಾಣತನ. ಬೇಕಾದಾಗ ಮುಂಗೈ ಹಿಡಿಕೆಯನ್ನು ಕಟ್ಟಿ, ಬೇಡವಾದಾಗ ಬಿಚ್ಚಿಡಬಹುದು.

ಎರಡಕ್ಕೂ ಇರುವ ಮುಖ್ಯ ಭೇದವು ಸೀಟಿನ ಕೊಳವೆಯ ಓರೆಯಲ್ಲಿದೆ. ರೋಡ್ ಬೈಕಿನಲ್ಲಿ ಅದು 72ರಿಂದ 74 ಅಂಶದಷ್ಟು ಓರೆ. ಟ್ರಯಥ್ಲಾನ್ ಗಾಡಿಯಲ್ಲಿ 76ರಿಂದ 80ರವರೆಗೆ ನೆಟ್ಟಗೆ. ಹೀಗೆ ನೆಟ್ಟಗಾದುದರಿಂದ ಸವಾರನು ಪೆಡಲುಗಳ ಮೇಲಕ್ಕೆ ಸರಿದು ಕೂಡುತ್ತಾನೆ, ಮೈ ಬಾಗಿದರೂ ತೊಡೆಯು ಹೊಟ್ಟೆಗೆ ಒತ್ತುವದಿಲ್ಲ, ಉಸಿರು ಸರಾಗವಾಗುತ್ತದೆ. ಆದರೆ ಭಾರವು ಮುಂದಿನ ಗಾಲಿಗೆ ಬೀಳುವದರಿಂದ ಗಾಡಿಯು ಚಂಚಲವಾಗುತ್ತದೆ. ಬ್ರೇಕುಗಳಾದರೋ ಮುಂಗೈ ಹಿಡಿಕೆಯಲ್ಲಿರದೆ ಪಕ್ಕದ ಹ್ಯಾಂಡಲಿನಲ್ಲಿರುತ್ತವೆ. ಇಳಕಲ್ಲಿನ ಪೇಟೆಯ ಸಂದಣಿಯಲ್ಲಿ, ದನಕರುಗಳೂ ಟಂಟಂಗಳೂ ಅಡ್ಡ ಬರುವಲ್ಲಿ, ಇಂಥ ಗಾಡಿಯ ಮೇಲೆ ಮುಂಗೈ ಚಾಚಿ ಮಲಗುವದು ಅಪಾಯವನ್ನು ಕೈಬೀಸಿ ಕರೆದಂತೆ.

ಗಾಡಿಯು ಮೈಗೆ, ಮೈಯು ಗಾಡಿಗಲ್ಲ

ಇಳಕಲ್ಲಿನ ನೇಕಾರರಿಗೆ ಈ ತತ್ವವನ್ನು ಕಲಿಸಬೇಕಾದುದಿಲ್ಲ. ಕುಣಿಮಗ್ಗದಲ್ಲಿ ಕಾಲು ಇಳಿಬಿಡುವ ಕುಣಿಯು ಕೂಡುವವನ ಕಾಲಿನಳತೆಗೆ ಒಗ್ಗಿರಬೇಕು. ಇಲ್ಲವಾದರೆ ದಿನವಿಡೀ ತುಳಿಯುವವನ ಸೊಂಟ ಉಳಿಯುವದಿಲ್ಲ. ಸೈಕಲ್ಲಿನಲ್ಲಿ ಕಾಲು ನಿಮಿಷಕ್ಕೆ 80, 90 ಸುತ್ತು ಸುತ್ತುತ್ತದೆ. ಮೂರು ತಾಸಿನ ಸವಾರಿಗೆ ಹದಿನೈದು ಸಾವಿರ ಸುತ್ತುಗಳಾದುವು. ಒಂದು ಬೆರಳಿನಗಲದ ತಪ್ಪು ಅಷ್ಟು ಸಲ ಮರುಕಳಿಸಿದರೆ ಕೀಲು ನೋಯದೆ ಏನು ಮಾಡೀತು?

ಸೀಟಿನ ಎತ್ತರವನ್ನು ಮನೆಯಲ್ಲಿಯೇ ಅಳೆಯಬಹುದು. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ರಟ್ಟಿನ ಪುಸ್ತಕವೊಂದನ್ನು ಕಾಲುಗಳ ನಡುವೆ ಬಿಗಿಯಾಗಿ ಮೇಲಕ್ಕೆ ಒತ್ತಿ ಹಿಡಿದು, ಅದರ ಮೇಲಂಚಿನಿಂದ ನೆಲದವರೆಗಿನ ಉದ್ದವನ್ನು ಅಳೆಯಿರಿ. ಅದನ್ನು 0.883ರಿಂದ ಗುಣಿಸಿದರೆ ಪೆಡಲಿನ ನಡು ಅಚ್ಚಿನಿಂದ ಸೀಟಿನ ಮೇಲ್ಭಾಗದವರೆಗಿನ ಎತ್ತರವು ಸಿಗುತ್ತದೆ. 80 ಸೆಂಟಿಮೀಟರಿನ ಕಾಲಿಗೆ ಇದು ಸುಮಾರು 70.6 ಸೆಂಟಿಮೀಟರು. ಇದು ಕೊನೆಯ ಮಾತಲ್ಲ, ತೊಡಗುವ ಬಿಂದು. ಪರೀಕ್ಷೆಗಾಗಿ ಹಿಮ್ಮಡಿಯನ್ನು ಕೆಳಗಿನ ಪೆಡಲಿನ ಮೇಲಿಡಿರಿ. ಕಾಲು ನೆಟ್ಟಗಾಗಬೇಕು, ಸೊಂಟವು ವಾಲಬಾರದು. ಮುಂಗಾಲನ್ನಿಟ್ಟಾಗ ಮೊಣಕಾಲಿನಲ್ಲಿ 25ರಿಂದ 35 ಅಂಶದ ಬಾಗು ಉಳಿಯಬೇಕು.

ಬಳಿಕ ಸೀಟು ಹಿಂದೋ ಮುಂದೋ ಎಂಬ ಪ್ರಶ್ನೆ. ಪೆಡಲುಗಳನ್ನು ನೆಲಕ್ಕೆ ಸಮನಾಗಿಸಿ, ಗೌಂಡಿಗಳು ಗೋಡೆಗೆ ಹಿಡಿಯುವ ತೂಗುಗುಂಡನ್ನು ಮುಂದಿನ ಮೊಣಕಾಲಿನಿಂದ ಇಳಿಬಿಟ್ಟರೆ ದಾರವು ಪೆಡಲಿನ ಅಚ್ಚಿನ ಮೇಲೆ ಬೀಳುವದು ರೋಡ್ ಬೈಕಿಗೆ ಒಳ್ಳೆಯ ಆರಂಭ. ತ್ರಿವಿಧ ಸ್ಪರ್ಧೆಯವನಿಗೆ ಅದು ಅಚ್ಚಿಗಿಂತ ಮುಂದೆ ಬೀಳುತ್ತದೆ. ರೋಡ್ ಬೈಕಿಗೆ ಮುಂಗೈ ಹಿಡಿಕೆಯನ್ನು ಕಟ್ಟಿದವನು ಸೀಟನ್ನು ಸ್ವಲ್ಪ ಮುಂದೆ ತಂದು, ತುಸು ಮೇಲಕ್ಕೇರಿಸಬೇಕು. ಮುಂದೆ ಬಂದ ಸೀಟು ಪೆಡಲಿಗೆ ಸಮೀಪವಾಗುವದಷ್ಟೆ.

ಮುಂಗೈಯ ಮೆತ್ತೆಗಳು ಮೊಣಕೈಗೆ ಹತ್ತಿರವಾಗಿರಲಿ; ತೋಳೂ ಮುಂಗೈಯೂ ಕೂಡುವಲ್ಲಿ ಹೆಚ್ಚುಕಡಿಮೆ ಕಾಟಕೋನವಿರಲಿ; ಭುಜಗಳು ಸಡಿಲಾಗಿರಲಿ; ಕುತ್ತಿಗೆಯನ್ನು ನೋಯಿಸದೆಯೇ ದಾರಿಯು ಕಾಣಬೇಕು. ಮೊದಲ ದಿನವೇ ಬೆನ್ನನ್ನು ನೆಲಕ್ಕೆ ಸಮನಾಗಿಸಲು ಹೋಗಬಾರದು. ಹಿಡಿಕೆಯನ್ನು ಎತ್ತರದಲ್ಲಿಟ್ಟು, ಮೈ ಒಗ್ಗಿದಂತೆ ಎರಡು ವಾರಕ್ಕೊಮ್ಮೆ ಒಂದೊಂದು ಸೆಂಟಿಮೀಟರು ಇಳಿಸಬೇಕು. ವೇಗ ಸೌಖ್ಯಗಳ ಜಗಳವು ಇಲ್ಲಿಯೇ ತೀರುತ್ತದೆ. ಬಹಳ ತಗ್ಗಿ ಕುಳಿತು ಹತ್ತು ನಿಮಿಷಕ್ಕೊಮ್ಮೆ ಬೆನ್ನು ನೆಟ್ಟಗೆ ಮಾಡುವವನಿಗಿಂತ, ತುಸು ಎತ್ತರದಲ್ಲಿ ಕುಳಿತು 90 ಕಿಲೋಮೀಟರೂ ಅಲುಗದೆ ತುಳಿಯುವವನು ಮೊದಲು ಮುಟ್ಟುತ್ತಾನೆ. ಅವನಿಗೆ ಆಮೇಲೆ ಓಡುವ ಶಕ್ತಿಯೂ ಉಳಿದಿರುತ್ತದೆ.

ಮೈ ಹೇಳುವ ದೂರುಗಳು

ಮೊಣಕಾಲಿನ ಮುಂಭಾಗ ನೋಯುತ್ತಿದ್ದರೆ ಸೀಟು ತಗ್ಗಾಗಿರುವದು ಸಾಮಾನ್ಯ ಕಾರಣ. ಹಿಂಭಾಗ ನೋಯುತ್ತಿದ್ದರೆ ಅಥವಾ ಸೊಂಟವು ಅತ್ತಿತ್ತ ತೂಗುತ್ತಿದ್ದರೆ ಸೀಟು ಎತ್ತರವಾಗಿದೆ. ಅಂಗೈ ಜೋಮು ಹಿಡಿದರೆ ಭಾರವು ಕೈಗಳ ಮೇಲೆ ಹೆಚ್ಚು ಬಿದ್ದಿದೆ. ಸೀಟಿನಲ್ಲಿ ಜೋಮು ಹಿಡಿಯುವದನ್ನು ನಾಚಿಕೆಯಿಂದ ಮುಚ್ಚಿಡುವವರುಂಟು. ಅದು ನರಗಳ ಮೇಲೆ ಬೀಳುವ ಒತ್ತಡವಾದುದರಿಂದ ಸಹಿಸತಕ್ಕದ್ದಲ್ಲ. ಮುಂದಕ್ಕೆ ಬಾಗಿ ಕೂಡುವವರಿಗಾಗಿ ಮೂತಿ ಗಿಡ್ಡಾದ, ನಡುವೆ ಸೀಳಿದ ಸೀಟುಗಳು ದೊರೆಯುತ್ತವೆ. ಹೆಣ್ಣುಮಕ್ಕಳಿಗೆ ಕೂಡುವ ಎಲುಬುಗಳ ಅಗಲಕ್ಕೆ ತಕ್ಕ ಸೀಟನ್ನೂ, ಮೈಯಳತೆಗೆ ತಕ್ಕ ಚಿಕ್ಕ ಫ್ರೇಮನ್ನೂ ಆರಿಸತಕ್ಕದ್ದು. ಅಣ್ಣನ ಹಳೆಯ ಗಾಡಿಯನ್ನು ತಂಗಿಗೆ ದಾಟಿಸುವದು ಉಳಿತಾಯವೆಂದು ಕಂಡರೂ ಅಳತೆ ಕೂಡದಿದ್ದರೆ ಅವಳ ಆಟವನ್ನೇ ಕೆಡಿಸೀತು. ಬೆಳೆಯುವ ಮಕ್ಕಳ ಸೀಟನ್ನು ಎರಡು ಮೂರು ತಿಂಗಳಿಗೊಮ್ಮೆ ಅಳೆದು ನೋಡಬೇಕು.

ಬದಲಾವಣೆಗಳನ್ನು ಒಂದೊಂದಾಗಿ ಮಾಡಬೇಕು. ಅಳತೆಯನ್ನು ವಹಿಯಲ್ಲಿ ಬರೆದಿಟ್ಟುಕೊಂಡು, ನಾಲ್ಕಾರು ಸವಾರಿಗಳಾದ ಮೇಲೆ ಇನ್ನೊಂದಕ್ಕೆ ಕೈಹಚ್ಚಬೇಕು. ಒಮ್ಮೆಗೇ ಮೂರನ್ನು ತಿರುವಿದರೆ ಗುಣವಾದುದು ಯಾವದರಿಂದ, ಕೆಟ್ಟುದು ಯಾವದರಿಂದ ಎಂದು ತಿಳಿಯುವದಿಲ್ಲ.

ನಮ್ಮ ರಸ್ತೆ, ನಮ್ಮ ಬಿಸಿಲು

ಟೈರು ಸಪೂರವಾಗಿ ಕಲ್ಲಿನಂತೆ ಬಿಗಿದಿದ್ದರೆ ವೇಗ ಹೆಚ್ಚೆಂಬ ನಂಬಿಕೆಯು ಹಿಂದೆ ಇದ್ದಿತು. ಒರಟು ರಸ್ತೆಯಲ್ಲಿ ಹಾಗೆ ಬಿಗಿದ ಟೈರು ಪುಟಿದು ಪುಟಿದು ಶಕ್ತಿಯನ್ನು ಹಾಳುಮಾಡುತ್ತದೆಂದು ಈಗ ತಿಳಿದುಬಂದಿದೆ. 28 ಮಿಲಿಮೀಟರಿನ ಟೈರಿಗೆ 60 ಕಿಲೋ ತೂಕದವನು 70 ಪೌಂಡಿನ ಆಸುಪಾಸು ಗಾಳಿ ತುಂಬಿದರೆ ಮೈಗೂ ಹಿತ, ವೇಗಕ್ಕೂ ಹಿತ. ತೂಕ ಹೆಚ್ಚಿದ್ದರೆ ತುಸು ಹೆಚ್ಚಿಸಬಹುದು; ಟೈರಿನ ಮೇಲೆ ಅಚ್ಚೊತ್ತಿದ ಮಿತಿಯನ್ನು ಮಾತ್ರ ದಾಟಬಾರದು. ಜಾಲಿಯ ಮುಳ್ಳಿನ ಈ ನಾಡಿನಲ್ಲಿ ಎರಡು ಟ್ಯೂಬು, ಪುಟ್ಟ ಪಂಪು ಜೊತೆಗಿಲ್ಲದೆ ಹೊರಡಬಾರದು.

ಇಳಕಲ್ಲಿನಿಂದ ಹುನಗುಂದಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿಯು ನುಣುಪಾಗಿದ್ದರೂ ಲಾರಿಗಳ ಸಂಚಾರವು ವಿಶೇಷ. ದೊಡ್ಡ ಲಾರಿಯು ಪಕ್ಕದಲ್ಲಿ ಹಾದಾಗ ಗಾಳಿಯು ಮೊದಲು ತಳ್ಳಿ ಬಳಿಕ ಸೆಳೆಯುತ್ತದೆ. ಆಗ ಎರಡೂ ಕೈಗಳು ಬ್ರೇಕಿನ ಹತ್ತಿರವಿರಬೇಕು. ಅಮೀನಗಡ, ಐಹೊಳೆ, ಪಟ್ಟದಕಲ್ಲುಗಳ ಮೇಲೆ ಬಾದಾಮಿಗೆ ಹೋಗುವ ದಾರಿಯು ದೂರದ ಅಭ್ಯಾಸಕ್ಕೆ ಒಗ್ಗುತ್ತದೆ. ಪಟ್ಟದಕಲ್ಲಿನಿಂದ ಬಾದಾಮಿಯವರೆಗಿನ ಸುಮಾರು 22 ಕಿಲೋಮೀಟರನ್ನು ಬೆಳಗಿನ ತಂಪಿನಲ್ಲಿ ತುಳಿಯುವದು ಕಣ್ಣಿಗೂ ಹಬ್ಬ. ಎರೆಯ ಬಯಲಿನಲ್ಲಿ ಆಷಾಢದ ಅಡ್ಡಗಾಳಿ ಬೀಸುವಾಗ ಅಗಲ ರಿಮ್ಮಿನ ಮುಂಗಾಲಿಯು ಹಾಯಿಯಂತೆ ಗಾಳಿಯನ್ನು ಹಿಡಿದು ಸವಾರನನ್ನು ಓಲಾಡಿಸುತ್ತದೆ. ಹೊಸಬರು ಸಾಧಾರಣ ಗಾಲಿಯನ್ನೇ ಬಳಸುವದು ಲೇಸು. ಬೇಸಗೆಯಲ್ಲಿ ಸೂರ್ಯೋದಯಕ್ಕೆ ಹೊರಟು ಬಿಸಿಲೇರುವ ಮೊದಲೇ ಮನೆಗೆ ಬರಬೇಕು. ಮುಂಗೈಗಳ ನಡುವೆ ಕಟ್ಟಿದ ನೀರಿನ ಬಾಟಲಿಯು ಭಂಗಿಯನ್ನು ಕೆಡಿಸದೆ ಕುಡಿಯಲು ಅನುಕೂಲ.

ಹಣವನ್ನು ಯಾವ ಕ್ರಮದಲ್ಲಿ ವೆಚ್ಚ ಮಾಡಬೇಕು

ಎಲ್ಲಕ್ಕೂ ಮೊದಲು ತಲೆಗೆ ಒಳ್ಳೆಯ ಹೆಲ್ಮೆಟ್ಟು. ಎರಡನೆಯದು ಮೈಯಳತೆಗೆ ಸರಿಯಾದ ಫ್ರೇಮು ಮತ್ತು ಬಲ್ಲವರಿಂದ ಮಾಡಿಸಿದ ಅಳವಡಿಕೆ. ಮೂರನೆಯದು ಮೆತ್ತೆಯಿಟ್ಟ ಚಡ್ಡಿ, ಒಗ್ಗುವ ಸೀಟು, ಒಳ್ಳೆಯ ಟೈರು. ನಾಲ್ಕನೆಯದು ಮುಂಗೈ ಹಿಡಿಕೆ. ಕೆಲವು ಸಾವಿರ ರೂಪಾಯಿಗಳ ಈ ವಸ್ತುವು ಲಕ್ಷದ ಫ್ರೇಮಿಗಿಂತ ಹೆಚ್ಚಿನ ಫಲವನ್ನು ಕೊಟ್ಟೀತು. ಬೆಲೆಯುಳ್ಳ ಗಾಲಿಗಳು, ಟ್ರಯಥ್ಲಾನಿಗೆಂದೇ ಮಾಡಿದ ಗಾಡಿ ಇವೆಲ್ಲ ಕೊನೆಗೆ. ಒಂದೆರಡು ಸ್ಪರ್ಧೆಗಳನ್ನು ರೋಡ್ ಬೈಕಿನಲ್ಲಿ ಮುಗಿಸಿ, ಆಸೆಯು ನಿಂತಿದೆಯೆಂದು ಕಂಡ ಮೇಲೆ ಅವುಗಳ ಮಾತನ್ನೆತ್ತಬಹುದು. ಹಳೆಯ ಗಾಡಿಯನ್ನು ಕೊಳ್ಳುವವರು ಬಣ್ಣಕ್ಕೆ ಮರುಳಾಗದೆ ಕೊಳವೆಗಳು ಕೂಡುವಲ್ಲಿ ಬಿರುಕುಗಳನ್ನು ಹುಡುಕಬೇಕು. ಕಾರ್ಬನ್ ಫ್ರೇಮಿನಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಬಿಟ್ಟು ಬರಬೇಕು.

ಮಕ್ಕಳ ಆಸೆಯನ್ನು ತಂದೆತಾಯಿಗಳು ಹಣವಿಲ್ಲವೆಂದು ಚಿವುಟಬೇಕಾದುದೂ ಇಲ್ಲ, ಹಣವಿದೆಯೆಂದು ಕಣ್ಣು ಮುಚ್ಚಿ ಸುರಿಯಬೇಕಾದುದೂ ಇಲ್ಲ. ಅಳತೆಯ ಟೇಪು, ತೂಗುಗುಂಡು, ಒಂದು ವಹಿ, ಎರಡು ತಿಂಗಳಿನ ತಾಳ್ಮೆ ಇವಿಷ್ಟರಿಂದ ಮನೆಯಲ್ಲಿರುವ ಗಾಡಿಯೇ ಎಷ್ಟೋ ಹಗುರಾಗಿ ಓಡೀತು. ಅಷ್ಟಾದ ಮೇಲೆ ಹೊಸದನ್ನು ಕೊಳ್ಳುವವನಿಗೆ ತನಗೆ ಬೇಕಾದುದೇನೆಂಬದು ತಿಳಿದಿರುತ್ತದೆ. ಅಂಗಡಿಯವನ ಮಾತಿಗೆ ಅವನು ಮರುಳಾಗುವದಿಲ್ಲ.