ದಡಾರ ಮತ್ತು ನೂರರ ಲೆಕ್ಕ

ಔಷಧಿಯ ಗುಣ ಅದನ್ನು ಸೇವಿಸಿದವನಿಗೆ ಮಾತ್ರ ದೊರೆಯುವುದೆಂಬುದು ಲೋಕಾನುಭವ. ಲಸಿಕೆಯ ರೀತಿ ಇದಕ್ಕಿಂತ ಭಿನ್ನವಾದುದು. ಒಂದು ಮಗುವಿಗೆ ಹಾಕಿಸಿದ ಲಸಿಕೆಯು ಆ ಮಗುವನ್ನಲ್ಲದೆ ನೆರೆಮನೆಯ ತೊಟ್ಟಿಲಲ್ಲಿರುವ ಕೂಸನ್ನೂ ಕಾಪಾಡುತ್ತದೆ. ಇದು ಹೇಗೆ ಸಾಧ್ಯ? ದಡಾರವನ್ನು ಉದಾಹರಣೆಯಾಗಿ ತೆಗೆದುಕೊಂಡು ವಿಚಾರ ಮಾಡೋಣ.

ಉತ್ತರ ಕರ್ನಾಟಕದಲ್ಲಿ ಗೊಬ್ಬರವೆಂದೂ ಕರೆಯಲ್ಪಡುವ ಈ ರೋಗಕ್ಕೆ ಒಂದು ವೈರಸ್ಸು ಕಾರಣ. ರೋಗಿಯು ಕೆಮ್ಮಿದಾಗ ಗಾಳಿಗೆ ಸೇರಿದ ವೈರಸ್ಸು, ಅವನು ಕೋಣೆಯಿಂದ ಹೊರಟುಹೋದ ಮೇಲೂ ಎರಡು ಗಂಟೆಗಳವರೆಗೆ ಸೋಂಕನ್ನು ತಗುಲಿಸಬಲ್ಲದು. ಮೈಮೇಲೆ ದದ್ದು ಏಳುವುದಕ್ಕೆ ಸುಮಾರು ನಾಲ್ಕು ದಿನ ಮೊದಲೇ ರೋಗವು ಇತರರಿಗೆ ಹರಡತೊಡಗುತ್ತದೆ. ಆದುದರಿಂದ ರೋಗಿಯನ್ನು ಗುರುತಿಸಿ ಬೇರೆಯಿರಿಸುವಷ್ಟರಲ್ಲಿ ಕಾಲ ಮೀರಿರುತ್ತದೆ. ನ್ಯುಮೋನಿಯ, ಅತಿಸಾರ, ಮಿದುಳಿನ ಉರಿಯೂತ, ಕೆಲವೊಮ್ಮೆ ಅಂಧತ್ವ ಇದರ ಬೆನ್ನಿಗೆ ಬರುವ ವಿಪತ್ತುಗಳು.

ರಕ್ಷಣೆಯೇ ಇಲ್ಲದ ಜನರ ನಡುವೆ ಒಬ್ಬ ರೋಗಿಯಿಂದ ೧೨ರಿಂದ ೧೮ ಜನರಿಗೆ ದಡಾರ ಅಂಟುವುದೆಂದು ತಜ್ಞರ ಅಂದಾಜು. ಲೆಕ್ಕದ ಸೌಲಭ್ಯಕ್ಕಾಗಿ ೧೫ ಎಂದಿಟ್ಟುಕೊಳ್ಳೋಣ. ನೂರರಲ್ಲಿ ೮೦ ಜನರಿಗೆ ರೋಗನಿರೋಧಕ ಶಕ್ತಿಯಿದ್ದರೆ ಆ ೧೫ ಜನರಲ್ಲಿ ೧೨ ಜನ ಪಾರಾಗಿ ೩ ಜನ ರೋಗಿಗಳಾಗುವರು. ಮೂವರಿಂದ ೯, ಅವರಿಂದ ೨೭, ಅವರಿಂದ ೮೧. ಹೀಗೆ ಸುಮಾರು ಎರಡು ವಾರಕ್ಕೊಮ್ಮೆ ರೋಗವು ಮೂರು ಪಟ್ಟಾಗುವುದು. ೯೫ ಜನರಿಗೆ ಆ ಶಕ್ತಿಯಿದ್ದರೆ ನಾಲ್ವರು ರೋಗಿಗಳಿಂದ ಮೂವರಿಗಷ್ಟೇ ರೋಗ ಅಂಟಿ, ಅದು ಬರಬರುತ್ತ ತಾನೇ ನಂದಿಹೋಗುವುದು. ಪರಮಾಣು ಸ್ಥಾವರದಲ್ಲಿ ನಿಯಂತ್ರಕ ಸರಳುಗಳು ನ್ಯೂಟ್ರಾನುಗಳನ್ನು ಹೀರಿಕೊಂಡು ಸರಪಳಿ ಕ್ರಿಯೆಯನ್ನು ತಡೆಯುವಂತೆ, ಲಸಿಕೆ ಪಡೆದ ಮಕ್ಕಳು ರೋಗದ ಸರಪಳಿಯನ್ನು ಕಡಿಯುತ್ತಾರೆ.

ಒಂಬತ್ತು ತಿಂಗಳು ತುಂಬಿದಾಗ ಹಾಕುವ ಮೊದಲ ಲಸಿಕೆ ನೂರರಲ್ಲಿ ಸುಮಾರು ೮೫ ಮಕ್ಕಳಿಗೆ ಫಲ ಕೊಡುತ್ತದೆ. ತಾಯಿಯಿಂದ ಬಂದ ಪ್ರತಿಕಾಯಗಳು ಕೆಲವು ಮಕ್ಕಳ ಮೈಯಲ್ಲಿ ಉಳಿದು ಲಸಿಕೆಗೆ ಅಡ್ಡಬರುವುದು ಇದಕ್ಕೊಂದು ಕಾರಣ. ೧೬ರಿಂದ ೨೪ ತಿಂಗಳೊಳಗೆ ಎರಡನೆಯ ಲಸಿಕೆಯನ್ನೂ ಹಾಕಿಸಿದರೆ ಸುಮಾರು ೯೭ ಮಕ್ಕಳಿಗೆ ರಕ್ಷಣೆ ದೊರೆಯುತ್ತದೆ. ಇನ್ನೂ ಒಂಬತ್ತು ತಿಂಗಳಾಗದ ಕೂಸಿಗೋ, ಸುತ್ತಲಿನ ಮಕ್ಕಳೇ ಕೋಟೆ.

ಆದರೆ ಸರಾಸರಿಯ ಲೆಕ್ಕದಲ್ಲಿ ಒಂದು ಮೋಸವುಂಟು. ತಲಾ ನೂರು ಮಕ್ಕಳಿರುವ ಹತ್ತು ವಸತಿಗಳ ಪೈಕಿ ಒಂಬತ್ತರಲ್ಲಿ ೯೭ ಮಕ್ಕಳಿಗೂ ಒಂದರಲ್ಲಿ ೭೫ ಮಕ್ಕಳಿಗೂ ರಕ್ಷಣೆಯಿದ್ದರೆ ಒಟ್ಟು ಸರಾಸರಿ ಸುಮಾರು ೯೫ ಆಗುವುದು. ಕಾಗದದ ಮೇಲೆ ಎಲ್ಲವೂ ಕ್ಷೇಮ. ಹತ್ತನೆಯ ವಸತಿಯಲ್ಲಿ ಮಾತ್ರ ರೋಗಕ್ಕೆ ಬಾಗಿಲು ತೆರೆದೇ ಇರುತ್ತದೆ.

ಇಂತಹ ಹತ್ತನೆಯ ವಸತಿ ಎಲ್ಲಿರಬಹುದು? ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಜೀವನಕ್ರಮವನ್ನು ನೋಡಿರಿ. ಕಬ್ಬು ಕಡಿಯುವ ಕಾಲಕ್ಕೆ ಪರಸ್ಥಳದ ಕೂಲಿಗಾರರು ಮಕ್ಕಳುಮರಿಗಳೊಡನೆ ಬಂದು ಹೊಲದಂಚಿನ ಗುಡಿಸಲುಗಳಲ್ಲಿ ತಂಗುತ್ತಾರೆ. ತೋಟದ ಮನೆಗಳು ಊರಿನಿಂದ ದೂರ ಚದುರಿವೆ. ಬೀಳಗಿಯ ಕಡೆ ಆಲಮಟ್ಟಿಯ ಹಿನ್ನೀರಿಗೆ ಊರು ಬಿಟ್ಟವರು ಪುನರ್ವಸತಿ ಕೇಂದ್ರಗಳಲ್ಲಿದ್ದಾರೆ. ರಬಕವಿ-ಬನಹಟ್ಟಿಯ ನೇಕಾರರ ಮನೆಯಲ್ಲಿ ಮಗ್ಗ ನಿಂತರೆ ಆ ದಿನದ ಕೂಲಿಯೂ ನಿಲ್ಲುತ್ತದೆ. ಲಸಿಕೆಯಿಂದ ಮಗುವಿಗೆ ಜ್ವರ ಬಂದೀತೆಂದು ಹಿಂಜರಿಯುವ ತಾಯಿಯನ್ನು ಅಜ್ಞಾನಿಯೆಂದು ಜರೆಯುವುದು ಸುಲಭ. ಅವಳ ಕಷ್ಟವನ್ನರಿತು, ಇಂತಹ ಜ್ವರ ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಇಳಿಯುವುದೆಂದು ಮೊದಲೇ ತಿಳಿಹೇಳುವುದು ಉಪಯುಕ್ತ.

ಈ ಕಾರ್ಯ ವೈದ್ಯರೊಬ್ಬರಿಂದಲೇ ಆಗತಕ್ಕದ್ದಲ್ಲ. ಮನೆಮನೆಯ ಮಕ್ಕಳ ಪಟ್ಟಿ ಮಾಡಿ ತಾಯಂದಿರನ್ನು ಕರೆತರುವವರು ಆಶಾ ಹಾಗೂ ಅಂಗನವಾಡಿ ಕಾರ್ಯಕರ್ತೆಯರು. ೧೯೯೫ರಲ್ಲಿ ದೇಶದಲ್ಲಿ ಮೊದಲಾದ ಪಲ್ಸ್ ಪೋಲಿಯೊ ಕಾರ್ಯಕ್ರಮದಲ್ಲಿ ಶಿಕ್ಷಕರೂ ಸ್ವಯಂಸೇವಕರೂ ಕೈಜೋಡಿಸಿದರು. ೨೦೧೪ರ ಮಾರ್ಚಿ ೨೭ರಂದು ಭಾರತವು ಪೋಲಿಯೊಮುಕ್ತವೆಂದು ಪ್ರಮಾಣಪತ್ರ ಪಡೆಯಿತು. ೨೦೧೪ರ ಡಿಸೆಂಬರಿನಲ್ಲಿ ಆರಂಭವಾದ ಇಂದ್ರಧನುಷ್ ಅಭಿಯಾನವು ಇಟ್ಟಿಗೆ ಭಟ್ಟಿ, ವಲಸೆಗಾರರ ಬಿಡಾರಗಳಂತಹ ಕಡೆ ತಪ್ಪಿಹೋದ ಮಕ್ಕಳನ್ನೇ ಅರಸಿಕೊಂಡು ಹೊರಟಿತು. ೨೦೧೭ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ ೯ ತಿಂಗಳಿಂದ ೧೫ ವರ್ಷದೊಳಗಿನವರಿಗೆ ದಡಾರ-ರುಬೆಲ್ಲಾ ಲಸಿಕೆ ಹಾಕತೊಡಗಿದಾಗ, ಮೊಬೈಲುಗಳಲ್ಲಿ ಹರಿದಾಡಿದ ಸುಳ್ಳು ಸುದ್ದಿಗಳು ಅನೇಕ ಪೋಷಕರನ್ನು ಅಂಜಿಸಿದವು. ಅಂದು ಶಾಲೆಯ ಸಾಲಿನಲ್ಲಿ ನಿಂತು ತೋಳು ಚಾಚಿದ ಎಷ್ಟೋ ಮಕ್ಕಳು ಇಂದು ಈ ಪತ್ರಿಕೆಯ ವಾಚಕರು.

ಅಂತಹ ವಾಚಕರಿಗೆ ನಮ್ಮದೊಂದು ಸೂಚನೆ. ಮನೆಯಲ್ಲಿಯೂ ಓಣಿಯಲ್ಲಿಯೂ ಇರುವ ಎಳೆಯ ಮಕ್ಕಳ ತಾಯಿ ಕಾರ್ಡನ್ನು ತೆರೆದು ನೋಡಿರಿ. ಎರಡನೆಯ ಲಸಿಕೆಯ ಕಾಲಂ ಬರಿದಾಗಿದ್ದರೆ ನೆನಪಿಸಿರಿ. ತಪ್ಪಿಹೋದ ದಡಾರ ಲಸಿಕೆಯನ್ನು ಐದು ವರ್ಷ ತುಂಬುವುದರೊಳಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಹಾಕಿಸಬಹುದು. ಕಬ್ಬಿನ ಹೊಲದ ಬಳಿ ಹೊಸ ಗುಡಿಸಲು ಎದ್ದುದು ಕಂಡರೆ ಆಶಾ ಕಾರ್ಯಕರ್ತೆಗೆ ತಿಳಿಸಿರಿ. ನೂರರ ಲೆಕ್ಕದಲ್ಲಿ ಕಡೆಗುಳಿಯುವ ಆ ನಾಲ್ಕೈದು ಮಕ್ಕಳ ಮನೆ ಎಲ್ಲಿದೆಯೆಂಬುದನ್ನು ನೆರೆಹೊರೆಯವರಿಗಿಂತ ಚೆನ್ನಾಗಿ ಬಲ್ಲವರು ಯಾರು?