ಬದನಿಕೆಗೂ ಎಲೆ ಹಸಿರೇ

ಬಗದಲ್‌ನ ನಮ್ಮ ಹೊಲದ ಬದುವಿನ ಮಾವಿನಮರದಲ್ಲಿ ಒಂದು ಟೊಂಗೆಯ ಎಲೆ ಮಾತ್ರ ಬೇರೆ ಥರ. ದಪ್ಪ, ಬೂದಿಹಸಿರು, ನಡುನಡುವೆ ಕಿತ್ತಳೆ ಬಣ್ಣದ ಕೊಳವೆ ಹೂವು. “ಬದನಿಕಿ ಹತ್ಯದ, ಕಡದು ಒಗೀರಿ” ಎನ್ನುತ್ತಿದ್ದಳು ಆಯಿ. ದುಡಿಯದೆ ಅಣ್ಣನ ಮನೆಯಲ್ಲಿ ಉಂಡುಕೊಂಡಿದ್ದ ನೆಂಟನೊಬ್ಬನಿಗೂ ಅವಳ ಬಾಯಲ್ಲಿ ಅದೇ ಹೆಸರು.

ಗಡಿಜಿಲ್ಲೆಯಲ್ಲಿ ಬೈಗುಳಕ್ಕೆ ಬರವಿಲ್ಲ. ಭಾಲ್ಕಿ, ಔರಾದ್ ಕಡೆಯ ಮರಾಠಿಯವರು ಇಂಥವನಿಗೆ ‘ಬಾಂಡಗುಳ’ ಎಂದಾರು; ಅದೂ ಇದೇ ಗಿಡದ ಹೆಸರು. ತೆಲುಗಿನಲ್ಲಿ ಗಿಡ ‘ಬದನಿಕ’. ಬೀದರ್ ಪೇಟೆಯ ‘ಮುಫತ್‌ಖೋರ್’ನಲ್ಲಿ ಗಿಡವಿಲ್ಲ, ಬಿಟ್ಟಿ ತಿನ್ನುವ ಬಾಯಷ್ಟೇ. ‘ಪರಾವಲಂಬಿ’, ‘ಪರೋಪಜೀವಿ’ ಶಾಲೆಯ ಪುಸ್ತಕದವು; ಅವುಗಳಿಂದ ಬೈದರೆ ಯಾರಿಗೂ ನಾಟುವುದಿಲ್ಲ.

ಇದೇ ಅರ್ಥದ ಇನ್ನೊಂದು ಪದ ಹಳಗನ್ನಡದಲ್ಲಿದೆ: ಪರಪುಟ್ಟ. ಪರರು ಸಾಕಿದ್ದು, ಅಂದರೆ ಕೋಗಿಲೆ. ಕಾಗೆಯ ಗೂಡಲ್ಲಿ ಮೊಟ್ಟೆಯಿಟ್ಟು ಮರಿ ಸಾಕಿಸಿಕೊಳ್ಳುವ ಹಕ್ಕಿಯನ್ನು ಕವಿಗಳು ವಸಂತದ ಸಿಂಹಾಸನಕ್ಕೇ ಏರಿಸಿದರು. ಕಂಠ ಚೆನ್ನಾಗಿದ್ದರೆ ಉಂಡ ಮನೆಯ ಲೆಕ್ಕ ಕೇಳುವವರಿಲ್ಲ.

ಬದನಿಕೆಗೆ ಆ ಅದೃಷ್ಟವಿಲ್ಲ. ನಿಜಕ್ಕೂ ಅದು ಪೂರಾ ಬಿಟ್ಟಿ ಗಿರಾಕಿಯಲ್ಲ. ಮರದಿಂದ ನೀರು, ಲವಣ ಹೀರುತ್ತದೆ, ವಿಪರೀತ ಹಬ್ಬಿದರೆ ಟೊಂಗೆ ಒಣಗುತ್ತದೆ, ಒಪ್ಪೋಣ. ಆದರೆ ತನ್ನ ಹಸಿರೆಲೆಯಲ್ಲಿ ಬಿಸಿಲು ಹಿಡಿದು ಅಡುಗೆ ತಾನೇ ಮಾಡಿಕೊಳ್ಳುತ್ತದೆ. ಉಪ್ಪು-ನೀರು ಪಕ್ಕದ ಮನೆಯದು, ಒಲೆ ತನ್ನದು. ಅದರ ಹಣ್ಣು ತಿಂದ ಹೆಬ್ಬೆರಳುದ್ದದ ಹಕ್ಕಿ ಅಂಟುಬೀಜವನ್ನು ಇನ್ನೊಂದು ಟೊಂಗೆಗೆ ಒರೆಸಿ ಹೋದರೆ ಅಲ್ಲೇ ಹೊಸ ಸಂಸಾರ. ಪೂರಾ ಕುಂತು ತಿನ್ನುವುದನ್ನು ನೋಡಬೇಕೆಂದರೆ ಬೇಲಿಯ ಮೇಲೆ ಹಳದಿ ದಾರದಂತೆ ಹಬ್ಬುವ ಅಮರಬೇಲ್ ನೋಡಬೇಕು: ಎಲೆ ಹೆಸರಿಗಷ್ಟೇ, ಆಸರೆ ಸಿಕ್ಕಮೇಲೆ ನೆಲದ ಬೇರೂ ಇಲ್ಲ. ಅದನ್ನು ಹಿಡಿದು ಯಾರನ್ನೂ ಬೈದದ್ದು ನಾನು ಕೇಳಿಲ್ಲ!

ಇಂಗ್ಲಿಷಿನ ‘ಪ್ಯಾರಸೈಟ್’ಗೆ ಮೂಲವಾದ ಗ್ರೀಕರ ‘ಪರಾಸಿಟೋಸ್’ ಎಂದರೆ ಪಕ್ಕ ಕೂತು ಉಣ್ಣುವವ. ‘ಸಿಟೋಸ್’ ಅಂದರೆ ಧಾನ್ಯ. ಮೊದಲು ದೇವರ ಪಂಕ್ತಿಯಲ್ಲಿ ಉಣ್ಣುವವರಿಗಿದ್ದ ಈ ಹೆಸರು, ಆಮೇಲೆ ನಾಟಕಗಳಲ್ಲಿ ಊಟಕ್ಕಾಗಿ ಹಲ್ಲುಗಿಂಜುವವನ ಪಾಲಾಯಿತು.

ಕಾಳಿನ ಮಾತು ಬಂದರೆ ನಮ್ಮ ಜಿಲ್ಲೆಯವರಿಗೆ ಬಸವಕಲ್ಯಾಣ ನೆನಪಾಗದೆ ಇರದು. 12ನೇ ಶತಮಾನದ ಆಯ್ದಕ್ಕಿ ಮಾರಯ್ಯ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದ. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ಹೆಂಡತಿ ಲಕ್ಕಮ್ಮ ತಿರುಗಿ ಕಳಿಸಿದಳಂತೆ. ಇನ್ನೊಬ್ಬರ ಅಂಗಳದ ಅಕ್ಕಿ ಉಣ್ಣುವುದು ಅವಳಿಗೆ ತಪ್ಪೆನಿಸಿರಲಿಲ್ಲ. ನಾಳೆಯದನ್ನೂ ಇವತ್ತೇ ಗಂಟು ಕಟ್ಟುವುದು ತಪ್ಪೆನಿಸಿತ್ತು.

ಕಡೆಕಡೆಗೆ ಆಯಿ ಆ ಪದವನ್ನು ತನಗೇ ಅಂಟಿಸಿಕೊಂಡಳು. “ನಾ ಈಗ ಬದನಿಕಿ ಆಗೀನಿ, ಖಾಲಿ ಕುಂತು ತಿನ್ಲತ್ತೀನಿ.” ಹಾಗೆನ್ನುವಾಗ ಮಡಿಲಲ್ಲಿ ಮೊರ, ಬೆರಳ ತುದಿಯಲ್ಲಿ ತೊಗರಿಯ ಹರಳು, ಕಾಲ್ಬೆರಳಿಗೆ ಮರಿಮಗನ ತೊಟ್ಟಿಲ ಹಗ್ಗ. ಇದಕ್ಕೆಲ್ಲ ಮನೆಯ ಲೆಕ್ಕದಲ್ಲಿ ಕೂಲಿ ಬರೆದವರಿಲ್ಲ.

ಟೊಂಗೆ ಕಡಿಯಲು ಕೊನೆಗೊಮ್ಮೆ ಆಳು ಬಂದ. “ಹೂ ಬಿಟ್ಟದ, ಇವತ್ತ ಬ್ಯಾಡ, ನಾಳಿ ಬಾ” ಎಂದಳು ಆಯಿ. ಕೊಡಲಿ ಕೆಳಗಿಡಿಸಿ, ಕೂರಿಸಿ, ಎರಡು ಜೋಳದ ರೊಟ್ಟಿ ಹಾಕಿ ಕಳಿಸಿದಳು.